ಹಿಮಪ್ರಪಾತವೂ ಅದನ್ನು ಕರೆದು ಕೆಡಹುವ ವಿದ್ಯೆಯೂ

ಬೀಳಲಿರುವ ಮರವು ತಾನಾಗಿ ಉರುಳುವ ವರೆಗೆ ಕಾಯದೆ, ದಾರಿಯಲ್ಲಿ ಜನರಿಲ್ಲದ ಹೊತ್ತನ್ನು ನೋಡಿ, ಹಗ್ಗ ಕಟ್ಟಿ, ಬೇಕಾದ ಮಗ್ಗುಲಿಗೆ ಅದನ್ನು ಕೆಡಹುವ ಜಾಣ್ಮೆಯು ನಮ್ಮ ರೈತರಿಗೆಲ್ಲ ತಿಳಿದದ್ದೇ ಆಗಿದೆ. ಇದೇ ಜಾಣ್ಮೆಯನ್ನು ಪರ್ವತದ ಮೇಲಿನ ಹಿಮರಾಶಿಗೆ ಅನ್ವಯಿಸಿ, ಅದು ಊರಿನ ಮೇಲೆ ಅಥವಾ ದಾರಿಕಾರರ ಮೇಲೆ ಬೀಳುವ ಮೊದಲೇ ಮನುಷ್ಯನು ತಾನು ಗೊತ್ತುಮಾಡಿದ ಗಳಿಗೆಯಲ್ಲಿ ಅದನ್ನು ಇಳಿಸುವ ವಿದ್ಯೆಯೊಂದು ಕಳೆದ ನೂರು ವರ್ಷಗಳಲ್ಲಿ ಬೆಳೆದು ಬಂದಿದೆ. ಆ ವಿದ್ಯೆಯು ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಅದರ ಎಲ್ಲೆ ಯಾವದು ಎಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಹುಲಗೂರಿನಂಥ ಕರಿಮಣ್ಣಿನ ಸೀಮೆಯಲ್ಲಿ ಕುಳಿತವರಿಗೆ ಹಿಮದ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ದೂರದಲ್ಲಿಲ್ಲ. ನಮ್ಮ ಶಿಗ್ಗಾಂವಿ ತಾಲೂಕಿಗೆ ಹೊಂದಿಕೊಂಡಿರುವ ಕುಂದಗೋಳ ತಾಲೂಕಿನ ಬೆಟದೂರ ಗ್ರಾಮದವರಾದ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಭೂಸೇನೆಯ ಮದ್ರಾಸ್ ರೆಜಿಮೆಂಟಿನ 19ನೆಯ ದಳಕ್ಕೆ ಸೇರಿದವರು. 2016ನೆಯ ಇಸವಿಯ ಫೆಬ್ರವರಿ 3ರಂದು, ಸಿಯಾಚಿನ್ ಹಿಮನದಿಯಲ್ಲಿ, ಸಮುದ್ರಮಟ್ಟದಿಂದ 19,000 ಅಡಿಗೂ ಮಿಕ್ಕಿದ ಎತ್ತರದ ಠಾಣ್ಯದಲ್ಲಿ ಅವರೂ ಅವರ ಒಂಬತ್ತು ಮಂದಿ ಸಂಗಡಿಗರೂ ಹಿಮದ ಅಡಿಯಲ್ಲಿ ಹೂಳಿಹೋದರು. ಆ ಹತ್ತು ಜನರಲ್ಲಿ ಹಾಸನ ಸೀಮೆಯ ಸುಬೇದಾರ ನಾಗೇಶ ಅವರೂ ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಅವರೂ ಇದ್ದರು. ಹುಡುಕುವವರು ನಾಯಿಗಳನ್ನೂ, ಮಂಜನ್ನು ಭೇದಿಸಿ ನೋಡುವ ಯಂತ್ರಗಳನ್ನೂ, ಕಲ್ಲು ಕೊರೆಯುವ ಆಯುಧಗಳನ್ನೂ ಒಯ್ದು ಆರು ದಿನ ದುಡಿದರು. ಫೆಬ್ರವರಿ 8ರಂದು ಇಪ್ಪತ್ತೈದು ಅಡಿಗೂ ಕಡಿಮೆಯಿಲ್ಲದ ಹಿಮದ ಕೆಳಗೆ ಹನುಮಂತಪ್ಪನವರು ಜೀವಂತರಾಗಿ ದೊರೆತಾಗ ದೇಶವೆಲ್ಲ ಬೆರಗಾಯಿತು. ಅವರನ್ನು ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದರು. ಗುಡಿ, ಮಸೀದಿ, ಮಠಗಳಲ್ಲಿ ಅವರಿಗಾಗಿ ಪ್ರಾರ್ಥನೆಗಳಾದವು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಸರಕಾರಿ ಗೌರವದೊಡನೆ ಅಂತ್ಯಸಂಸ್ಕಾರವಾಯಿತು.

ಈ ಸಂಗತಿಯ ತರುವಾಯ ನಮ್ಮ ಮನೆಮನೆಗಳಲ್ಲಿ ಒಂದು ಪ್ರಶ್ನೆಯು ಹುಟ್ಟಿತು: ಹಿಮವು ಬೀಳುವದೆಂದು ಮೊದಲೇ ತಿಳಿಯಲು ಬರುವದಿಲ್ಲವೆ? ತಿಳಿದರೆ ತಡೆಯಲು ಬರುವದಿಲ್ಲವೆ? ಈ ಪ್ರಶ್ನೆಯು ಯೋಗ್ಯವಾದದ್ದು. ಕನಿಕರದ ಎರಡು ಮಾತಿನಿಂದ ಅದನ್ನು ಮುಗಿಸಿಬಿಡುವದು ಸರಿಯಲ್ಲ. ಅದಕ್ಕೆ ಉತ್ತರವನ್ನು ಕೊಡಬೇಕಾದರೆ ಇತಿಹಾಸವನ್ನೇ ಬಿಚ್ಚಿ ನೋಡಬೇಕು.

ಮೊದಲು ಶಬ್ದವಿಚಾರವನ್ನು ಮಾಡಿಕೊಳ್ಳುವಾ. ನಮ್ಮ ವೃತ್ತಪತ್ರಗಳು ಆಕಾಶದಿಂದ ಹಿಮವು ಉದುರುವದಕ್ಕೂ, ಬೆಟ್ಟದ ಇಳುಕಲಿನಲ್ಲಿ ಕೂಡಿದ ಹಿಮವು ಒಮ್ಮೆಲೆ ಜಾರಿ ಬರುವದಕ್ಕೂ ಹಿಮಪಾತವೆಂಬ ಒಂದೇ ಹೆಸರನ್ನು ಬಳಸುವವು. ಮೊದಲನೆಯದು ಋತುಧರ್ಮವು, ಎರಡನೆಯದು ಉತ್ಪಾತವು. ಎರಡನ್ನೂ ಒಂದೇ ಶಬ್ದದಿಂದ ಕರೆದರೆ ಅರ್ಥವು ಕೆಡುತ್ತದೆ. ಆದಕಾರಣ ಈ ಲೇಖನದಲ್ಲಿ ಆಕಾಶದಿಂದ ಬೀಳುವದಕ್ಕೆ ಹಿಮಪಾತವೆಂದೂ, ಇಳುಕಲಿನಿಂದ ಜಾರುವದಕ್ಕೆ ಹಿಮಪ್ರಪಾತವೆಂದೂ ಹೇಳುವೆನು.

ಇನ್ನು ಹಿಮಪ್ರಪಾತವು ಹೇಗೆ ಆಗುವದೆಂಬುದನ್ನು ನೋಡುವಾ. ಚಳಿಗಾಲದ ಹಿಮವು ಒಂದೇ ಸಲಕ್ಕೆ ಬೀಳುವದಿಲ್ಲ. ಒಂದು ಗಾಳಿಮಳೆಯಲ್ಲಿ ಒಂದು ಪದರು, ಮತ್ತೊಂದರಲ್ಲಿ ಮತ್ತೊಂದು ಪದರು, ಹೀಗೆ ಅದು ಹೊದಿಕೆಯ ಮೇಲೆ ಹೊದಿಕೆಯಾಗಿ ಕೂಡುತ್ತ ಹೋಗುತ್ತದೆ. ಈ ಪದರುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಬಿಗಿಯಾಗಿ ಒಂದಕ್ಕೊಂದು ಹತ್ತಿಕೊಳ್ಳುವವು. ಕೆಲವು ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗಿ ಉಳಿಯುವವು. ಇಂಥ ಸಡಿಲವಾದ ಪದರಿನ ಮೇಲೆ ಹೊಸ ಹಿಮದ ದಪ್ಪವಾದ ಹಾಸು ಕೂತಿತೆಂದರೆ, ರಾಗಿಯ ರಾಶಿಯ ಮೇಲೆ ಹಲಗೆಯನ್ನಿಟ್ಟು ಓರೆಮಾಡಿದಂತೆ ಆಗುತ್ತದೆ. ಸಡಿಲ ಪದರು ಒಂದು ಕಡೆಗೆ ಕುಸಿದರೆ ಸಾಕು, ಆ ಬಿರುಕು ಕ್ಷಣಾರ್ಧದಲ್ಲಿ ಇಳುಕಲಿನ ಉದ್ದಗಲಕ್ಕೂ ಹಬ್ಬಿ ಮೇಲಿನ ಹಾಸೆಲ್ಲ ಕಳಚಿಕೊಳ್ಳುವದು. ಬಹುತರ ಹಿಮಪ್ರಪಾತಗಳು 30ರಿಂದ 45 ಅಂಶದ ಇಳುಕಲಿನಲ್ಲಿ ಆಗುವವು. ಅದಕ್ಕೂ ಕಡಿದಾದಲ್ಲಿ ಹಿಮವು ಕೂಡಿಕೊಳ್ಳುವ ಮೊದಲೇ ಉದುರಿಹೋಗುತ್ತದೆ. ಅದಕ್ಕೂ ಮೆಲ್ಲನೆಯದರಲ್ಲಿ ಹೆಚ್ಚಾಗಿ ಜಾರುವದಿಲ್ಲ. ಒಣ ಹಿಮದ ಪ್ರಪಾತವು ತಾಸಿಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಬರಬಲ್ಲದು. ನಿಂತ ಮೇಲೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಪೂರ್ತಿ ಹೂಳಿದವರನ್ನು ಮೊದಲಿನ ಹತ್ತು ಹದಿನೈದು ನಿಮಿಷಗಳಲ್ಲಿ ತೆಗೆದರೆ ಹೆಚ್ಚಿನವರು ಬದುಕುವರು. ಅರ್ಧ ತಾಸು ಮೀರಿದರೆ ಬದುಕುವವರೇ ವಿರಳರು. ಆರು ದಿನ ಉಸಿರನ್ನು ಹಿಡಿದಿದ್ದ ಬೆಟದೂರಿನ ಆ ವೀರನ ಸಹನಶಕ್ತಿಯು ಎಂಥದೆಂಬುದು ಇದರಿಂದ ತಿಳಿಯುವದು.

ಪ್ರಾಚೀನರಿಗೆ ಈ ಪದರುಗಳ ಲೆಕ್ಕವು ತಿಳಿದಿರಲಿಲ್ಲ. ಆದರೆ ಭಯವು ಚೆನ್ನಾಗಿ ತಿಳಿದಿತ್ತು. ನಮ್ಮ ಚಾಲುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಅವನ ಪ್ರಜೆಗಳ ಶೌರ್ಯವನ್ನು ಹೊಗಳಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಅವನು ಭರತಖಂಡಕ್ಕೆ ಬರುವಾಗ, 7ನೆಯ ಶತಮಾನದ ಮೊದಲರ್ಧದಲ್ಲಿ, ಈಗ ತಿಯಾನ್ ಶಾನ್ ಎಂದು ಕರೆಯುವ ಪರ್ವತಶ್ರೇಣಿಯ ಹಿಮದ ಕಣಿವೆಯನ್ನು ದಾಟಬೇಕಾಯಿತು. ಅಲ್ಲಿ ಅವನ ಜೊತೆಗಾರರಲ್ಲಿ ಅನೇಕರು ಚಳಿಯಿಂದ ಸತ್ತರು. ಆ ದಾರಿಯಲ್ಲಿ ಹೋಗುವವರು ಕೆಂಪು ಬಟ್ಟೆಯನ್ನು ಉಡಬಾರದು, ಸದ್ದು ಮಾಡುವ ಸೋರೆಬುರುಡೆಗಳನ್ನು ಒಯ್ಯಬಾರದು, ಕೂಗಬಾರದು, ಮಾಡಿದರೆ ಅಲ್ಲಿಯ ಕ್ರೂರ ನಾಗಗಳು ಕೆರಳಿ ಬಿರುಗಾಳಿಯನ್ನೂ ಕಲ್ಲುಮಳೆಯನ್ನೂ ತರುವವೆಂದು ಆ ಸೀಮೆಯವರು ನಂಬಿದ್ದುದನ್ನು ಅವನು ಬರೆದಿಟ್ಟಿದ್ದಾನೆ.

ಪರ್ವತದಲ್ಲಿ ಗಟ್ಟಿಯಾಗಿ ಮಾತಾಡಿದರೆ ಹಿಮವು ಬೀಳುವದೆಂಬ ನಂಬಿಗೆಯು ಯುರೋಪದ ಆಲ್ಪ್ಸ್ ಪರ್ವತಗಳಲ್ಲಿಯೂ ಬೇರೂರಿತ್ತು. ಮನುಷ್ಯನ ಕಂಠದ ಒತ್ತಡವು ಹಿಮದ ಪದರನ್ನು ಮುರಿಯಲು ಏನೇನೂ ಸಾಲದೆಂದು ಇಂದಿನ ಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಆದರೂ ಆ ಹಳೆಯ ನಂಬಿಗೆಯಲ್ಲಿ ಒಂದು ಸತ್ಯದ ಬೀಜವಿತ್ತು: ಹಿಮವು ತನ್ನ ಭಾರದಿಂದ ಅಷ್ಟೇ ಅಲ್ಲ, ಹೊರಗಿನ ಅಲ್ಪ ಕಾರಣದಿಂದಲೂ ಬೀಳಬಲ್ಲದು. ಅಂಜಿದವರು ಇದರಿಂದ ಮೌನವನ್ನು ಕಲಿತರು. ಸಾವಿರದ ಮುನ್ನೂರು ವರ್ಷಗಳ ಮೇಲೆ ಬಂದವರು ಇದೇ ಸತ್ಯದಿಂದ ತೋಪು ಹಾರಿಸುವದನ್ನು ಕಲಿತರು.

ಈ ನಡುವೆ ಬಹುಕಾಲ ಮನುಷ್ಯನಿಗೆ ಇದ್ದ ಆಶ್ರಯವು ಕಾಡೊಂದೇ. ದಟ್ಟವಾದ ಮರಗಳು ಇಳುಕಲಿನ ಹಿಮವನ್ನು ಕೀಲುಗಳಂತೆ ಹಿಡಿದು ನಿಲ್ಲಿಸುವವು. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಎಂಬ ಹಳ್ಳಿಯವರು ತಮ್ಮ ಊರ ಮೇಲುಗಡೆಯ ಕಾಡಿನಲ್ಲಿ ಯಾರೂ ಮರ ಕಡಿಯಕೂಡದೆಂದು 1397ರಲ್ಲಿಯೇ ನಿಷೇಧಪತ್ರವನ್ನು ಬರೆದುಕೊಂಡರು. ನಮ್ಮ ಮಲೆನಾಡಿನ ದೇವರಕಾಡುಗಳನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಲಾರದು. ಅಲ್ಲಿ ದೇವರ ಭಯವು ಮಾಡಿದ ಕೆಲಸವನ್ನು ಇಲ್ಲಿ ಹಿಮದ ಭಯವು ಮಾಡಿತು. 19ನೆಯ ಶತಮಾನದಲ್ಲಿ ಯೋಹಾನ್ ಕೋಆಜ್ ಎಂಬ ಅರಣ್ಯಾಧಿಕಾರಿಯು ಯಾವ ಕೊರಕಲಿನಲ್ಲಿ ಯಾವಾಗ ಪ್ರಪಾತವಾಯಿತೆಂಬುದನ್ನು ಊರೂರು ತಿರುಗಿ ಸಂಗ್ರಹಿಸಿ 1881ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಮುಂಚೆ, 1876ರಲ್ಲಿ, ಪರ್ವತದ ಕಾಡುಗಳನ್ನು ಕಾಪಾಡುವ ಕಾಯಿದೆಯು ಆ ದೇಶದಲ್ಲಿ ಆಗಿತ್ತು. ದೈವಕೋಪವೆಂದು ಬಗೆದಿದ್ದ ಸಂಗತಿಯನ್ನು ಪಟ್ಟಿಗೆ ತಂದದ್ದೇ ಈ ವಿದ್ಯೆಯ ಮೊದಲನೆಯ ಮೆಟ್ಟಲು.

ಎರಡನೆಯ ಮೆಟ್ಟಲು ಯುದ್ಧದಿಂದ ಬಂತೆಂದು ಹೇಳಲು ಮನಸ್ಸಿಗೆ ನೋವಾಗುತ್ತದೆ. ಆದರೆ ಇತಿಹಾಸವು ಮುಚ್ಚುಮರೆಯನ್ನು ಸಹಿಸದು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ಮತ್ತು ಆಸ್ಟ್ರಿಯದ ಸೇನೆಗಳು ಆಲ್ಪ್ಸ್ ಪರ್ವತಗಳ ನೆತ್ತಿಯಲ್ಲಿಯೇ ಎದುರೆದುರು ಠಾಣ್ಯ ಹೂಡಿ ಚಳಿಗಾಲಗಳನ್ನು ಕಳೆದವು. ಶತ್ರುವಿನ ಮೇಲೆ ಗುಂಡು ಹಾರಿಸುವದಕ್ಕಿಂತ ಶತ್ರುವಿನ ತಲೆಯ ಮೇಲಿರುವ ಹಿಮಕ್ಕೆ ಹಾರಿಸುವದು ಹೆಚ್ಚು ಘಾತಕವೆಂಬುದು ಎರಡೂ ಪಕ್ಷದವರಿಗೆ ತಿಳಿಯಿತು. ತಾನಾಗಿ ಬಿದ್ದ ಹಿಮದಿಂದಲೂ, ಬೀಳಿಸಿದ ಹಿಮದಿಂದಲೂ ಆ ರಣರಂಗದಲ್ಲಿ ಸಾವಿರಗಟ್ಟಲೆ ಸೈನಿಕರು ಸತ್ತರು. 1916ರ ಡಿಸೆಂಬರ 13ರಂದು ಮಾರ್ಮೊಲಾದಾ ಪರ್ವತದಲ್ಲಿ ಆಸ್ಟ್ರಿಯದ ಪಾಳೆಯವೊಂದರ ಮೇಲೆ ಪ್ರಪಾತವು ಇಳಿದು ಮುನ್ನೂರರ ಸುಮಾರು ಜನರು ಮಲಗಿದಲ್ಲಿಯೇ ಮಡಿದರು. ಇದು ತೋಪಿನಿಂದ ಬಿದ್ದದ್ದಲ್ಲ. ಭಾರಿ ಹಿಮಪಾತದ ಹಿಂದೆಯೇ ಬಂದ ಬಿಸುಪಿನಿಂದ ತಾನಾಗಿ ಬಿದ್ದದ್ದು. ಆ ಪಾಳೆಯವು ಅಪಾಯದ ಸ್ಥಳದಲ್ಲಿದೆಯೆಂದು ಅಲ್ಲಿಯ ಅಧಿಕಾರಿಯು ಮೊದಲೇ ಮೇಲಿನವರಿಗೆ ಬರೆದು, ಬೇರೆ ಕಡೆಗೆ ಸಾಗಿಸಲು ಅಪ್ಪಣೆಯನ್ನು ಬೇಡಿದ್ದನು. ಅಪ್ಪಣೆಯು ದೊರೆಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಯುದ್ಧವು ಮುಗಿದ ಮೇಲೆ, ಕೊಲ್ಲಲಿಕ್ಕೆ ಕಲಿತದ್ದನ್ನು ಕಾಯಲಿಕ್ಕೆ ತಿರುಗಿಸುವ ಯತ್ನವು ನಡೆಯಿತು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬರ್ನಿನಾ ರೈಲುದಾರಿಯನ್ನು ಕಾಪಾಡುವ ಸಲುವಾಗಿ ಸೈನ್ಯದ ಸಣ್ಣ ತೋಪುಗಳಿಂದ ಇಳುಕಲಿನ ಹಿಮವನ್ನು ಹೊಡೆದು ಇಳಿಸಿದರು. ಅದೇ ದಶಕದಲ್ಲಿ ದಾವೋಸ್ ಊರಿನ ಮೇಲಿರುವ ವೈಸ್‌ಫ್ಲೂಯೋಕ್ ಎಂಬ ಎತ್ತರದ ಸ್ಥಳದಲ್ಲಿ ಕೆಲವರು ಶಾಸ್ತ್ರಜ್ಞರು ಕುಳಿತು ಹಿಮವನ್ನು ಕತ್ತರಿಸಿ, ತೂಗಿ, ಒತ್ತಿ, ಎಳೆದು ಪರೀಕ್ಷಿಸತೊಡಗಿದರು. 1942ರಲ್ಲಿ ಅದು ಸ್ಥಿರವಾದ ಸಂಸ್ಥೆಯಾಯಿತು. ಅರಣ್ಯಾಧಿಕಾರಿ, ಭೂಗರ್ಭಶಾಸ್ತ್ರಜ್ಞ, ಸ್ಫಟಿಕಶಾಸ್ತ್ರಜ್ಞ, ಸ್ಥಾಪತ್ಯಜ್ಞ ಇವರೆಲ್ಲ ಒಂದೇ ಮನೆಯಲ್ಲಿ ಕೂಡಿ ಹಿಮವನ್ನು ಅಧ್ಯಯನ ಮಾಡಿದ್ದು ವಿಶೇಷವಾಗಿದೆ. ಆದರೂ 1950-51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನೊಂದರಲ್ಲಿಯೇ 90ಕ್ಕೂ ಹೆಚ್ಚು ಜನರು ಹಿಮಪ್ರಪಾತಗಳಲ್ಲಿ ಸತ್ತರು. ಆ ಆಘಾತದಿಂದಲೇ ಅಪಾಯದ ಸ್ಥಳಗಳ ನಕಾಶೆ, ಹಿಮವನ್ನು ತಡೆಯುವ ಉಕ್ಕಿನ ಬೇಲಿ ಮುಂತಾದ ಕೆಲಸಗಳು ಭರದಿಂದ ಸಾಗಿದವು.

ಅಮೇರಿಕೆಯ ಕಥೆಯೂ ಹೀಗೆಯೇ ಇದೆ. ಯೂಟಾ ಪ್ರಾಂತದ ಆಲ್ಟಾ ಎಂಬುದು 19ನೆಯ ಶತಮಾನದಲ್ಲಿ ಬೆಳ್ಳಿಯ ಗಣಿಯ ಊರಾಗಿತ್ತು. ಗಣಿಯ ಕಂಬಗಳಿಗಾಗಿ ಸುತ್ತಲಿನ ಕಾಡನ್ನು ಕಡಿದರು. ತರುವಾಯ ಹಿಮವು ಊರಿನ ಮೇಲೆಯೇ ಇಳಿದು ಅನೇಕರನ್ನು ಕೊಂದಿತು. ಮುಂದೆ ಅದೇ ಊರು ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಪರ್ವತದಳದ ಯೋಧನಾಗಿದ್ದ ಮಾಂಟಿ ಆಟ್ವಾಟರ್ ಎಂಬವನು ಅರಣ್ಯ ಇಲಾಖೆಯ ಪರವಾಗಿ ಅಲ್ಲಿಗೆ ಬಂದು ಹಿಮದ ಮೇಲ್ವಿಚಾರಣೆಯನ್ನು ಕೈಕೊಂಡನು. 1949ರಲ್ಲಿ ಫ್ರಾನ್ಸಿನಲ್ಲಿ ಮಾಡಿದ 75 ಮಿಲಿಮೀಟರಿನ ಹಳೆಯ ತೋಪೊಂದನ್ನು ಅಲ್ಲಿಯ ಇಳುಕಲುಗಳ ಮೇಲೆ ಹಾರಿಸಿ ನೋಡಿದರು. ಮನುಷ್ಯನು ಕೈಯಲ್ಲಿ ಸಿಡಿಮದ್ದನ್ನು ಹಿಡಿದು ಅಪಾಯದ ಇಳುಕಲಿಗೆ ಏರಬೇಕಾದ ಗೋಜು ಇದರಿಂದ ಬಹುಮಟ್ಟಿಗೆ ತಪ್ಪಿತು.

ಕೆನಡಾ ದೇಶದ ರಾಜರ್ಸ್ ಕಣಿವೆಯ ವೃತ್ತಾಂತವು ಇದಕ್ಕಿಂತಲೂ ಮನನೀಯವಾದದ್ದು. 1910ರ ಮಾರ್ಚ್ 4ರಂದು ಅಲ್ಲಿ ರೈಲುದಾರಿಯ ಮೇಲೆ ಬಿದ್ದ ಪ್ರಪಾತವನ್ನು ಕೂಲಿಕಾರರು ಗುದ್ದಲಿಗಳಿಂದ ಬಿಡಿಸುತ್ತಿರುವಾಗ, ಎದುರುಗಡೆಯ ಬೆಟ್ಟದಿಂದ ಎರಡನೆಯ ಪ್ರಪಾತವು ಇಳಿದು 58 ಜನರನ್ನು ಹೂಳಿತು. ರೈಲಿನವರು ಪರ್ವತದ ಮೇಲಿನ ಆ ದಾರಿಯನ್ನೇ ತೊರೆದು ಸುರಂಗವನ್ನು ಕೊರೆದರು. 1916ರಲ್ಲಿ ಅದು ಮುಗಿಯಿತು. ಆದರೆ 1962ರಲ್ಲಿ ಮೋಟಾರು ಹೆದ್ದಾರಿಯು ಪುನಃ ಅದೇ ಕಣಿವೆಯಲ್ಲಿ ಬಂತು. ಆಗಿನಿಂದ ಅಲ್ಲಿ ಚಳಿಗಾಲದುದ್ದಕ್ಕೂ ಕೆನಡಾದ ಸೇನೆಯ ತೋಪುದಳದವರು 105 ಮಿಲಿಮೀಟರಿನ ತೋಪುಗಳೊಡನೆ ಬೀಡುಬಿಟ್ಟಿರುವರು. ಹಿಮವನ್ನು ಅಭ್ಯಾಸ ಮಾಡಿದವರು ಯಾವ ಇಳುಕಲು ತುಂಬಿದೆಯೆಂದು ನಿರ್ಣಯಿಸುವರು, ದಾರಿಯನ್ನು ಮುಚ್ಚುವರು, ಒಂದು ವಾಹನವೂ ಒಳಗೆ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವರು, ಬಳಿಕ ತೋಪನ್ನು ಹಾರಿಸುವರು. ಹಿಮವು ಇಳಿದ ಮೇಲೆ ದಾರಿಯನ್ನು ತೆರವು ಮಾಡಿ ಪುನಃ ತೆರೆಯುವರು.

ಈ ಕ್ರಮವನ್ನು ಸ್ವಲ್ಪ ವಿಚಾರಿಸಿ ನೋಡಿದರೆ ಅದರಲ್ಲಿ ಎರಡು ತತ್ತ್ವಗಳು ಕಾಣುವವು. ಒಂದನೆಯದು: ದೊಡ್ಡದಾಗುವ ಮೊದಲೇ ಸಣ್ಣದನ್ನು ಇಳಿಸತಕ್ಕದ್ದು. ಒಂದೊಂದು ಹಿಮಪಾತದ ತರುವಾಯ ಅಷ್ಟಷ್ಟನ್ನೇ ಕೆಡವಿದರೆ ಊರನ್ನು ನುಂಗುವಷ್ಟು ರಾಶಿಯು ಕೂಡುವದೇ ಇಲ್ಲ. ಎರಡನೆಯದು: ಬೀಳುವ ಕಾಲವನ್ನು ಹಿಮದ ಕೈಯಲ್ಲಿ ಬಿಡದೆ ನಮ್ಮ ಕೈಯಲ್ಲಿ ತೆಗೆದುಕೊಳ್ಳತಕ್ಕದ್ದು, ಅಂದರೆ ಜನರನ್ನು ಮೊದಲು ದೂರಮಾಡಿ, ಆ ಮೇಲೆ ಕೆಡಹತಕ್ಕದ್ದು.

ಮೊದಲನೆಯ ತತ್ತ್ವವು ನಮ್ಮ ಸೀಮೆಯವರಿಗೆ ಹೊಸದಲ್ಲ. ಕೆರೆಯನ್ನು ಕಟ್ಟಿದವರು ಏರಿಯ ಜೊತೆಗೆ ಕೋಡಿಯನ್ನೂ ಕಟ್ಟಿದರು. ತುಂಬಿದ ಕೆರೆಯು ಮಿಕ್ಕ ನೀರನ್ನು ಕೋಡಿಯಿಂದ ಚೆಲ್ಲದಿದ್ದರೆ ಏರಿಯನ್ನೇ ಒಡೆದು ಹೊಲ ಮನೆಗಳನ್ನು ಕೊಚ್ಚಿಕೊಂಡು ಹೋಗುವದು. ಇದಕ್ಕೆ ಸಾಕ್ಷಿಯು ನಮ್ಮ ಸೀಮೆಯಲ್ಲಿಯೇ ಇದೆ. ವಿಜಯನಗರದ ಅರಸರ ಕಾಲದಲ್ಲಿ ಕುಮುದ್ವತೀ ನದಿಗೆ ಅಡ್ಡವಾಗಿ ಕಟ್ಟಿದ ಮದಗ-ಮಾಸೂರಿನ ಮಹಾಕೆರೆಯು ಆ ಕಾಲದ ಜಗತ್ತಿನ ಎತ್ತರವಾದ ಮಣ್ಣಿನ ಏರಿಗಳಲ್ಲಿ ಒಂದಾಗಿತ್ತು. ಅದು ಮುಂದೆ ಒಡೆಯಿತು. ಹೆಚ್ಚಾದ ನೀರು ಹೋಗಲು ಸಾಕಷ್ಟು ಕೋಡಿಯಿಲ್ಲದ್ದೇ ಅದಕ್ಕೆ ಕಾರಣವೆಂದು ಅಣೆಕಟ್ಟುಗಳ ಇತಿಹಾಸವನ್ನು ಬರೆದವರು ಹೇಳುತ್ತಾರೆ. ಇಂದು ನಾವು ಕಾಣುವ ಮದಗದ ಕೆರೆಯು ಆ ಮಹಾಸರೋವರದ ಒಂದು ಸಣ್ಣ ಶೇಷವು ಮಾತ್ರ. ಹಿಮದ ಇಳುಕಲಿಗೆ ತೋಪನ್ನು ಹಾರಿಸುವದೆಂದರೆ, ಕೋಡಿಯಿಲ್ಲದ ಕೆರೆಗೆ ಹೊತ್ತುಹೊತ್ತಿಗೆ ಕೋಡಿಯನ್ನು ತೆರೆದಂತೆ ಎಂದು ತಿಳಿಯಬಹುದು.

ತೋಪುಗಳ ನಂತರ ಇತರ ಸಾಧನಗಳೂ ಬಂದವು. 1960ರ ದಶಕದಲ್ಲಿ ಅಮೇರಿಕೆಯಲ್ಲಿ, ಚೆಂಡನ್ನು ಎಸೆಯುವ ಆಟದ ಯಂತ್ರವೊಂದರ ಮಾದರಿಯಿಂದ, ಒತ್ತಿದ ಅನಿಲದ ಬಲದಿಂದ ಸಿಡಿಗುಂಡನ್ನು ದೂರಕ್ಕೆ ಎಸೆಯುವ ಯಂತ್ರವನ್ನು ನಿರ್ಮಿಸಿದರು. 1980ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಗಾಜೆಕ್ಸ್ ಎಂಬ ಉಪಾಯವು ಹೊರಟಿತು. ಇದರಲ್ಲಿ ಇಳುಕಲಿನ ತುದಿಯಲ್ಲಿ ಬಾಯಿ ಕೆಳಗಾಗಿ ಬಾಗಿದ ದಪ್ಪ ಉಕ್ಕಿನ ಕೊಳವೆಯನ್ನು ನೆಡುವರು. ಪ್ರೊಪೇನ್ ಮತ್ತು ಆಮ್ಲಜನಕ ಅನಿಲಗಳನ್ನು ಅದರಲ್ಲಿ ಕೂಡಿಸಿ, ದೂರದಿಂದಲೇ ಕಿಡಿಯನ್ನು ಹೊತ್ತಿಸುವರು. ಸ್ಫೋಟದ ಒತ್ತಡವು ಹಿಮದ ಮೇಲೆ ಗುದ್ದಿ ಪದರನ್ನು ಮುರಿಯುವದು. ಡೇಸಿಬೆಲ್ ಎಂಬ ಗಂಟೆಯಾಕಾರದ ಯಂತ್ರವನ್ನು ಹೆಲಿಕಾಪ್ಟರಿನ ಕೆಳಗೆ ತೂಗಬಿಟ್ಟು, ಜಲಜನಕ ಆಮ್ಲಜನಕಗಳ ಸ್ಫೋಟದಿಂದ ಇದೇ ಕೆಲಸವನ್ನು ಮಾಡಿಸುವರು. ಸ್ವಿಟ್ಜರ್ಲೆಂಡಿನಲ್ಲಿ ಇಳುಕಲಿನ ನೆತ್ತಿಯಲ್ಲಿ ಗೋಪುರಗಳನ್ನು ನಿಲ್ಲಿಸಿ, ಅವುಗಳಿಂದ ಸಿಡಿಮದ್ದಿನ ಪೊಟ್ಟಣವನ್ನು ಹಗ್ಗದಿಂದ ಇಳಿಬಿಟ್ಟು ಹಿಮದ ಮೇಲಿನ ಗಾಳಿಯಲ್ಲಿ ಸಿಡಿಸುವರು. ಮದ್ದನ್ನು ಹಿಮದೊಳಗೆ ಹೂಳಿದರೆ ಅದರ ಬಲವು ಗುಂಡಿಯನ್ನು ಮಾಡುವದರಲ್ಲಿಯೇ ಮುಗಿಯುವದು. ಹಿಮದ ಮೇಲೆ ಮಾರುದ್ದದಷ್ಟು ಎತ್ತರದಲ್ಲಿ ಸಿಡಿಸಿದರೆ ಒತ್ತಡವು ವಿಶಾಲವಾಗಿ ಹರಡಿ ಹೆಚ್ಚು ಕೆಲಸ ಮಾಡುವದು ಎಂಬುದನ್ನು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಈ ಹೊಸ ಸಾಧನಗಳಿಗೆ ಇರುಳು, ಮಂಜು, ಬಿರುಗಾಳಿಗಳ ಅಡ್ಡಿಯು ಕಡಿಮೆ. ಸಿಡಿಯದೆ ಉಳಿದ ತೋಪಿನ ಗುಂಡು ಬೇಸಿಗೆಯಲ್ಲಿ ದನಗಾಹಿಯ ಕಾಲಿಗೆ ಸಿಕ್ಕುವ ಭಯವು ಅನಿಲದ ಸಾಧನಗಳಲ್ಲಿ ಇಲ್ಲ.

ಆದರೆ ಈ ವಿದ್ಯೆಯನ್ನು ಸರ್ವರೋಗಕ್ಕೂ ಮದ್ದೆಂದು ಬಗೆಯಬಾರದು. ತೋಪು ಹಾರಿಸಿದರೂ ಹಿಮವು ಬೀಳದಿದ್ದರೆ ಆ ಇಳುಕಲು ಕ್ಷೇಮವಾಗಿದೆಯೆಂದು ಹೇಳಲು ಬರುವದಿಲ್ಲ. ಎಣಿಸಿದ್ದಕ್ಕಿಂತ ಹೆಚ್ಚು ಹಿಮವು ಬಿದ್ದರೆ ಕೆಳಗಿನ ಮನೆಮಾರುಗಳು ಕೆಡುವವು; ಆಗ ಕೆಡಹಿದವನೇ ಹೊಣೆಗಾರನಾಗುವನು. ನಕಾಶೆಗಳೂ ಪೂರ್ಣ ಪ್ರಮಾಣಗಳಲ್ಲ. 1999ರ ಫೆಬ್ರವರಿ 23ರಂದು ಆಸ್ಟ್ರಿಯದ ಗಾಲ್ಟೂರ್ ಎಂಬ ಊರಿನಲ್ಲಿ, ಕ್ಷೇಮವೆಂದು ಎಲ್ಲರೂ ನಂಬಿದ್ದ ಭಾಗಕ್ಕೇ ಹಿಮಪ್ರಪಾತವು ನುಗ್ಗಿ 31 ಜನರನ್ನು ಕೊಂದಿತು. ಕಾಡು, ಬೇಲಿ, ಸುರಂಗ, ನಕಾಶೆ, ಮುನ್ಸೂಚನೆ ಇವುಗಳ ಸಾಲಿನಲ್ಲಿ ಕೆಡಹುವ ವಿದ್ಯೆಯೂ ಒಂದು. ಅದು ಉಳಿದವುಗಳ ಸ್ಥಾನವನ್ನು ತುಂಬಲಾರದು.

ಇನ್ನು ನಮ್ಮ ದೇಶದ ಕಡೆಗೆ ಬರುವಾ. ಹಿಮಕ್ಕೆ ಆಲಯವೆಂದೇ ಹೆಸರು ಪಡೆದ ಪರ್ವತವು ನಮ್ಮದಾಗಿದ್ದರೂ ಹಿಮದ ಶಾಸ್ತ್ರವು ನಮ್ಮಲ್ಲಿ ತಡವಾಗಿ ಬಂತು. ಸ್ವಾತಂತ್ರ್ಯದ ಮೇಲೆ ಕಾಶ್ಮೀರದ ದಾರಿಯನ್ನು ಚಳಿಗಾಲದಲ್ಲಿಯೂ ತೆರೆದಿಡುವ ಸಲುವಾಗಿ ಬಾನಿಹಾಳದ ಜವಾಹರ ಸುರಂಗವನ್ನು 1956ರಲ್ಲಿ ತೆರೆದರು. 1969ರಲ್ಲಿ ರಕ್ಷಣಾ ಸಂಶೋಧನ ಸಂಘಟನೆಯ ಅಡಿಯಲ್ಲಿ ಹಿಮ ಮತ್ತು ಹಿಮಪ್ರಪಾತಗಳ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯು ಮನಾಲಿಯಲ್ಲಿ ಹುಟ್ಟಿತು. ಹಿಮವನ್ನು ಅಳೆಯುವ ಠಾಣ್ಯಗಳನ್ನು ಸ್ಥಾಪಿಸಿ, ಸೇನೆಗೂ ಪ್ರಜೆಗಳಿಗೂ ಅಪಾಯದ ಮುನ್ಸೂಚನೆಯನ್ನು ಕೊಡುವ ಪದ್ಧತಿಯನ್ನು ಅದು ಬೆಳೆಸಿತು. 2020ರಲ್ಲಿ ಅದನ್ನು ಇನ್ನೊಂದು ಸಂಸ್ಥೆಯೊಡನೆ ಕೂಡಿಸಿ ಹೊಸ ಹೆಸರನ್ನು ಕೊಟ್ಟರು. ಅದರ ಮುಖ್ಯ ಕಚೇರಿಯು ಚಂಡೀಗಡದಲ್ಲಿದೆ. 2022ರಲ್ಲಿ ಈ ಸಂಸ್ಥೆಯೂ ಭೂಸೇನೆಯೂ ಕೂಡಿ ಉತ್ತರ ಸಿಕ್ಕಿಮಿನಲ್ಲಿ ಹಿಮಪ್ರಪಾತವನ್ನು ಕಂಡುಹಿಡಿಯುವ ರಡಾರ್ ಯಂತ್ರವನ್ನು ನಿಲ್ಲಿಸಿದವು. ಇರುಳಿನಲ್ಲಿಯೂ ಮಂಜಿನಲ್ಲಿಯೂ ಅದು ಇಳುಕಲನ್ನು ಕಾಯುತ್ತಿದ್ದು, ಹಿಮವು ಕದಲಿದ ಕೂಡಲೆ ಎಚ್ಚರಿಕೆಯನ್ನು ಕೊಡುವದು. 2005ರ ಫೆಬ್ರವರಿಯಲ್ಲಿ ಕಾಶ್ಮೀರದ ವಾಲ್ಟೆಂಗು ಎಂಬ ಹಳ್ಳಿಯ ಮೇಲೆ ಹಿಮವು ಇಳಿದು 150ಕ್ಕೂ ಹೆಚ್ಚು ಜನರು ಸತ್ತದ್ದನ್ನು ನೆನೆದರೆ, ಇಂಥ ಕೆಲಸವು ಇನ್ನೂ ಎಷ್ಟು ನಡೆಯಬೇಕಾಗಿದೆ ಎಂಬುದು ಗೊತ್ತಾಗುವದು.

ಹಾಗಾದರೆ ಸಿಯಾಚಿನ್ನಿನಲ್ಲಿ ಹಿಮವನ್ನು ಮೊದಲೇ ಕೆಡಹಿ ನಮ್ಮ ಹತ್ತು ಜನರನ್ನು ಉಳಿಸಲು ಬರುತ್ತಿರಲಿಲ್ಲವೆ? ಇದೇ ನಮ್ಮ ಮೂಲ ಪ್ರಶ್ನೆಯು. 1984ರ ಏಪ್ರಿಲ್ 13ರಂದು ಕಾಳಿದಾಸನ ಕಾವ್ಯದ ಹೆಸರನ್ನಿಟ್ಟ ಮೇಘದೂತ ಕಾರ್ಯಾಚರಣೆಯಿಂದ ನಮ್ಮ ಸೇನೆಯು ಆ ಹಿಮನದಿಯನ್ನು ಏರಿತು. ಅಂದಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ತೆಳುಗಾಳಿ, ಹಿಮ ಇವುಗಳಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದಾರೆ. ಎದುರು ಪಕ್ಷದವರಿಗೂ ಇದು ತಪ್ಪಿಲ್ಲ. 2012ರ ಏಪ್ರಿಲ್ 7ರಂದು ಗಯಾರಿ ಎಂಬಲ್ಲಿ ಪಾಕಿಸ್ತಾನದ ಪಾಳೆಯವು ಹಿಮಪ್ರಪಾತದಲ್ಲಿ ಹೂಳಿಹೋಗಿ 140 ಜನರು ಸತ್ತರು. 2016ರಲ್ಲಿ ನಮ್ಮ ಠಾಣ್ಯದ ಮೇಲೆ ಬಿದ್ದದ್ದು ಹೊಸ ಹಿಮದ ಹಾಸಲ್ಲ, ಮಂಜುಗಡ್ಡೆಯ ಭಾರಿ ಗೋಡೆಯೇ ಕುಸಿದದ್ದು ಎಂದು ಸೇನೆಯವರು ತಿಳಿಸಿದರು. ತೋಪಿನ ವಿದ್ಯೆಯು ಮುಖ್ಯವಾಗಿ ಪದರುಗೊಂಡ ಹಿಮಕ್ಕೆ ಸಲ್ಲುವದು. ಗಡ್ಡೆಗಟ್ಟಿದ ನೀರ್ಗಲ್ಲು ಯಾವ ಗಳಿಗೆಯಲ್ಲಿ ಒಡೆಯುವದೆಂದು ಅಳೆಯುವದೂ ಕಷ್ಟ, ಹೊಡೆದು ಕೆಡಹುವದೂ ಕಷ್ಟ.

ಇದಕ್ಕಿಂತಲೂ ಮುಖ್ಯವಾದ ಕಾರಣವು ಬೇರೊಂದಿದೆ. ಈ ವಿದ್ಯೆಯ ಎರಡನೆಯ ತತ್ತ್ವವನ್ನು ಮೇಲೆ ಹೇಳಿದೆನು: ಮೊದಲು ಜನರು ದೂರವಾಗಬೇಕು, ಆ ಮೇಲೆ ಹಿಮವು ಬೀಳಬೇಕು. ರಾಜರ್ಸ್ ಕಣಿವೆಯ ಹೆದ್ದಾರಿಯನ್ನು ಎರಡು ತಾಸು ಮುಚ್ಚಿದರೆ ವ್ಯಾಪಾರವು ತಡವಾಗುವದು, ಅಷ್ಟೇ. ಆದರೆ ಗಡಿಯ ಠಾಣ್ಯದಲ್ಲಿ ನಿಂತವನು ತೊಲಗುವದಕ್ಕಾಗಿ ಅಲ್ಲಿ ನಿಂತಿಲ್ಲ. ತೊಲಗದಿರುವದೇ ಅವನ ಧರ್ಮವು. ತೊಲಗಲಾರದವನ ತಲೆಯ ಮೇಲಿನ ಹಿಮವನ್ನು ಯಾವ ಶಾಸ್ತ್ರದಿಂದ ಕೆಡಹುವದು? ಮಾರ್ಮೊಲಾದಾ ಪರ್ವತದ ಪಾಳೆಯದವರು ಸತ್ತದ್ದೂ ಇದೇ ಕಾರಣದಿಂದ. ಆಗ ಹಿಮದ ಶಾಸ್ತ್ರವು ಇರಲಿಲ್ಲವೆಂಬುದು ನಿಜ; ಆದರೆ ಅಪಾಯವನ್ನು ಬಲ್ಲವನು ಅಲ್ಲಿ ಇದ್ದನು, ಎಚ್ಚರಿಸಿದ್ದನು. ಜನರು ಸ್ಥಳವನ್ನು ಬಿಡಲು ಅಪ್ಪಣೆಯು ಮಾತ್ರ ಇರಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಂತೆ, ಇಂಥ ಎತ್ತರಗಳಲ್ಲಿ ಸೈನಿಕರನ್ನು ಉಳಿಸುವ ಉಪಾಯವು ತೋಪಿನಲ್ಲಿಲ್ಲ. ಠಾಣ್ಯದ ಸ್ಥಳವನ್ನು ಆರಿಸುವ ವಿವೇಕದಲ್ಲಿಯೂ, ಮುನ್ಸೂಚನೆಯು ಬಂದಾಗ ಠಾಣ್ಯವನ್ನು ತಾತ್ಕಾಲಿಕವಾಗಿ ಬದಲಿಸುವ ಸ್ವಾತಂತ್ರ್ಯವನ್ನು ಮೇಲಿನವರು ಕೆಳಗಿನವರಿಗೆ ಕೊಡುವದರಲ್ಲಿಯೂ, ಕೊನೆಗೆ ಎರಡು ರಾಷ್ಟ್ರಗಳು ಆ ಮಂಜಿನ ಮರುಭೂಮಿಯ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಬರುವದರಲ್ಲಿಯೂ ಅದು ಇದೆ.

ಈ ವಿಚಾರದಿಂದ ನಮ್ಮ ನಾಡಿಗೂ ಒಂದು ಪಾಠವುಂಟು. ಹಿಮವು ನಮ್ಮಲ್ಲಿಲ್ಲದಿದ್ದರೂ ಕುಸಿಯುವ ಗುಡ್ಡಗಳು ಇವೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ದಾರಿಯ ಬದಿಯ ಚಹದ ಅಂಗಡಿಯನ್ನೂ ನಿಂತ ಲಾರಿಗಳನ್ನೂ ಗಂಗಾವಳಿ ಹೊಳೆಗೆ ನೂಕಿದ್ದನ್ನು ನಾವೆಲ್ಲ ಬಲ್ಲೆವು. ಹಿಮವನ್ನು ಕೆಡವಿದಂತೆ ಗುಡ್ಡವನ್ನು ಕೆಡಹಲು ಬರುವದಿಲ್ಲ. ಹಿಮವು ವರ್ಷವರ್ಷವೂ ಹೊಸದಾಗಿ ಬಂದು ಬೇಸಿಗೆಯಲ್ಲಿ ಕರಗುವ ಅತಿಥಿಯು. ಮಣ್ಣಾದರೋ ಮನೆಯ ಯಜಮಾನನು, ಒಮ್ಮೆ ಕಳೆದುಕೊಂಡರೆ ತಿರುಗಿ ಬಾರದು. ಆದರೆ ವಿದ್ಯೆಯ ಮೊದಲರ್ಧವನ್ನು ನಾವೂ ಕಲಿಯಬಹುದು. ಇಳುಕಲನ್ನು ದಿನವೂ ನೋಡುವವರು ಬೇಕು. ಮಳೆಯನ್ನು ಅಳೆಯುವವರು ಬೇಕು. ಅಳತೆಯು ಮೀರಿದ ದಿನ ದಾರಿಯನ್ನು ಮುಚ್ಚುವ ಅಧಿಕಾರವು ಒಬ್ಬರ ಕೈಯಲ್ಲಿರಬೇಕು. ಮುಚ್ಚಿದಾಗ ಗೊಣಗದೆ ನಿಲ್ಲುವ ಜನರೂ ಬೇಕು. ಆಂಡರ್ಮಾಟಿನ ಹಳ್ಳಿಗರಂತೆ, ಮೇಲಿನ ಕಾಡಿನ ಮೇಲೆ ಕೊಡಲಿಯೆತ್ತದ ಕಟ್ಟುಪಾಡೂ ಬೇಕು.

ಬೆಟದೂರಿನಂಥ ಊರುಗಳಿಂದಲೂ, ನಮ್ಮ ಹುಲಗೂರಿನ ಸುತ್ತಲಿನ ಹಳ್ಳಿಗಳಿಂದಲೂ ಇಂದಿಗೂ ತರುಣರು ಸೈನ್ಯಕ್ಕೆ ಸೇರುತ್ತಲೇ ಇದ್ದಾರೆ. ಹಿಮವನ್ನು ಕಣ್ಣಿನಿಂದ ಕಾಣದ ಸೀಮೆಯ ಮಕ್ಕಳು ಹಿಮದಲ್ಲಿ ಕಾವಲು ನಿಲ್ಲುವರು. ಅವರ ಹೆಸರಿನಿಂದ ನಾವು ಕಮಾನುಗಳನ್ನು ಕಟ್ಟುವೆವು, ಪುಣ್ಯತಿಥಿಗಳನ್ನು ಆಚರಿಸುವೆವು, ಅದು ಯೋಗ್ಯವೇ. ಅದರ ಜೊತೆಗೆ, ಅವರನ್ನು ಕೊಂದದ್ದು ಯಾವದು, ಅದರ ಸ್ವಭಾವವೇನು, ಅದನ್ನು ಎಲ್ಲಿಯ ವರೆಗೆ ತಡೆಯಬಹುದು ಎಂಬುದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ತಿಳಿಹೇಳುವದೂ ಆ ಋಣದ ಒಂದು ಭಾಗವೆಂದು ನಾನು ಬಗೆಯುವೆನು. ಆ ಮಕ್ಕಳಲ್ಲಿ ಒಬ್ಬನು ನಾಳೆ ಹಿಮದ ಪದರನ್ನು ಅಳೆಯುವ ಶಾಸ್ತ್ರಜ್ಞನಾಗಲಿ, ಇನ್ನೊಬ್ಬನು ಠಾಣ್ಯದ ಸ್ಥಳವನ್ನು ಆರಿಸುವ ಅಧಿಕಾರಿಯಾಗಲಿ. ಮೂರನೆಯವನು ಕಾವಲು ಮುಗಿಸಿ ಕ್ಷೇಮವಾಗಿ ಊರಿಗೆ ಬರುವನು.